ಗುರುತು ಸಿಗದ ಹನ್ನೊಂದು ಮಂದಿಯ ಎಡೆ

ಇದನ್ನು ಊಟ ಆದ ಮೇಲೆ ಓದಿ... ಮೊದಲೇ ಓದಿ ತುತ್ತು ಇಳಿಯದಿದ್ದರೆ ಆಮೇಲೆ ನನ್ನನ್ನು ಬಯ್ಯಬೇಡಿ.

ದಾವಣಗೆರೆಯಲ್ಲಿ ಉಮಾಪತಿ ಅಂತ ಒಬ್ಬ ಟೈಲ್ಸ್ ವ್ಯಾಪಾರಿ. ಎರಡು ಶೋರೂಂ, ದೊಡ್ಡ ಕಾರು, ಅದಕ್ಕಿಂತ ದೊಡ್ಡ ಗಂಟಲು.

ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ರೈಲು ಸೇತುವೆಯಿಂದ ಹಳ್ಳಕ್ಕೆ ಉರುಳಿ, ಇಡೀ ದೇಶವೇ ಅತ್ತಿತ್ತು. ಆ ರೈಲಿನ ಜನರಲ್ ಬೋಗಿಯಲ್ಲಿ ಉಮಾಪತಿಯ ಅಪ್ಪನೂ ಇದ್ದರು.

ಅವರ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ... ದೇಹವೂ ಸಿಗಲಿಲ್ಲ.

ಮಹಾಲಯ ಅಮಾವಾಸ್ಯೆ ಬಂದರೆ ಊರಿನವರೆಲ್ಲ ತೀರಿಹೋದ ಹಿರಿಯರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಾರೆ. ಇವರ ಮನೆಯಲ್ಲಿ ಮಾತ್ರ ಅಂದು ಒಲೆಯನ್ನೇ ಹಚ್ಚುವುದಿಲ್ಲ.

"ಮುಖ ನೋಡ್ಲಿಲ್ಲ, ಮಣ್ಣು ಮಾಡ್ಲಿಲ್ಲ... ನಾನ್ಯಾಕೆ ಎಡೆ ಇಡ್ಲಿ?" ಇದು ತಾಯಿ ಗೌರಮ್ಮನ ಹಠ. ಅಂದು ಅವರು ಹನಿ ನೀರನ್ನೂ ಮುಟ್ಟುವುದಿಲ್ಲ. "ಟ್ರೇನ್ ತಪ್ಪುತ್ತೆ ಅಂತ ಉಣ್ಣದೆ ಹೋದ್ರಲ್ಲೋ..." ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ಈ ವರ್ಷ ಯಾಕೋ ಅವರೇ ಮಗನನ್ನು ಕರೆದರು.

"ಅಲ್ಲಿ ಸ್ಮಾರಕ ಮಾಡಿದಾರಂತೆ. ಹೋಗಿ ನೋಡ್ಕೊಂಡ್ ಬಾ. ನಿಮ್ಮಪ್ಪನ ಹೆಸರು ಇದ್ರೆ ಫೋನ್ ಮಾಡು... ಒಲೆ ಹಚ್ತೀನಿ."

ಅಮಾವಾಸ್ಯೆಯ ಬೆಳಿಗ್ಗೆಯೇ ಉಮಾಪತಿ ಹೊರಟ. ಹಳ್ಳದ ದಂಡೆಯ ಮೇಲೆ ಕಪ್ಪು ಕಲ್ಲು, ಅದರ ತುಂಬ ಹೆಸರುಗಳು. ಬೆರಳಿಟ್ಟು ಮೂರು ಸಲ ಓದಿದ.

ಅಪ್ಪನ ಹೆಸರು ಇರಲಿಲ್ಲ...

ಕೊನೆಯ ಸಾಲಿನಲ್ಲಿ ಹೀಗಿತ್ತು: "ಗುರುತು ಸಿಗದವರು – ಹನ್ನೊಂದು."

ಅವ್ವನಿಗೆ ಏನು ಹೇಳುವುದು? ಸಂಕಟವೆಲ್ಲ ಸಿಟ್ಟಾಗಿ ತಿರುಗಿತು. ಆ ಸಿಟ್ಟಿಗೆ ಯಾರಾದರೂ ಸಿಗಬೇಕಿತ್ತು, ಸಿಕ್ಕರು. ಕಲ್ಲಿನ ಹಿಂಬದಿಯ ಕಟ್ಟೆಯ ಮೇಲೆ ಸಾಲಾಗಿ ಊಟದ ಎಲೆ ಹಾಕಿಕೊಂಡು ಒಬ್ಬ ಮುದುಕಿ ಕುಳಿತಿದ್ದಳು.

"ಏನಮ್ಮ ಇದು? ಸತ್ತೋರ ಜಾಗ ಇದು, ಊಟದ ಛತ್ರ ಅಲ್ಲ. ಎತ್ತು ಮೊದ್ಲು!"

ಫಕೀರವ್ವ ಎಂಬ ಆ ಮುದುಕಿ ಒಂಚೂರೂ ಅಳುಕಲಿಲ್ಲ.

"ಸತ್ತೋರ ಜಾಗ ಅಂತನ ಬಂದೀನೋ ಯಪ್ಪಾ. ಸ್ವಲ್ಪ ಹಿಂದಕ್ಕ ಸರಿ... ನೀ ಒದರಿದ್ರ ಕಾಗಿ ಬರೂದಿಲ್ಲ."

ಆಗ ಅವನು ಎಲೆಗಳನ್ನು ನೋಡಿದ. ಒಂದರಲ್ಲಿ ಹೋಳಿಗೆ, ಒಂದರಲ್ಲಿ ಮಂಡಕ್ಕಿ-ಮಿರ್ಚಿ, ಮತ್ತೊಂದರಲ್ಲಿ ಕರಿದ ಮೀನು... ಒಂದು ಎಲೆಯ ಪಕ್ಕ ಬೀಡಿ ಕಟ್ಟು ಬೇರೆ!

"ಯಾರಿಗೆ ಇದೆಲ್ಲ?"

"ಕಲ್ಲಿನ ಕಡೀ ಸಾಲಿನವರಿಗೆ. ಹನ್ನೊಂದು ಮಂದಿ. ಯಾರಿಗೆ ಏನ್ ಸೇರ್ತಿತ್ತೋ ನನಗ್ಹೆಂಗ ಗೊತ್ತಾಗಬೇಕು? ಅದಕ್ಕ ಒಂದೊಂದು ಎಲಿಗೆ ಒಂದೊಂದು ಮಾಡೀನಿ. ಹಂಚಿಕೊಂಡು ಉಂತಾರ. ಮೀನು ಮಾತ್ರ ಆ ತುದಿಗೆ ಇಟ್ಟೀನಿ, ತಿನ್ನದವರಿಗೆ ಬ್ಯಾಸರ ಆಗಬಾರದಲ್ಲ..."

ಉಮಾಪತಿಯ ದನಿ ತಾನಾಗಿ ಇಳಿಯಿತು. "ನಿಮ್ಮವರು ಯಾರಾದ್ರೂ ಇದ್ರಾ ಆ ರೈಲಲ್ಲಿ?"

"ಇಲ್ಲಪ್ಪ. ನಮ್ಮ ಹೊಲ ಇಲ್ಲೇ ಐತಿ. ಸಪ್ಪಳ ಕೇಳಿ ಓಡಿ ಬಂದೆ. ಒಬ್ಬರ ತಲಿ ತೊಡಿಮ್ಯಾಲ ಇಟ್ಕೊಂಡು ನೀರು ಕುಡಿಸಿದೆ. ಎರಡು ಗುಟುಕು ಕುಡದ್ರು... ಹೋಗಿಬಿಟ್ರು. ನೀರು ಕೊಡೋ ಅವಸರದಾಗ ಹೆಸರು ಕೇಳೂದ ಮರತೆ ನೋಡು. ಕೇಳಿದ್ರ ಅವರ ಮನಿಗೆ ಹೇಳಿ ಕಳಸಬಹುದಿತ್ತು. ಆ ತಪ್ಪು ನಂದು. ಅದಕ್ಕ ವರ್ಷಾ ಉಣ್ಣಾಕ ಇಡ್ತೀನಿ."

ಅವನು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟ.

"ಅಜ್ಜಿ... ಅವರು ನಮ್ಮಪ್ಪ ಇರಬಹುದಾ? ಎತ್ತರದ ಆಳು, ಕೆನ್ನೆ ಮೇಲೆ ಮಚ್ಚೆ ಇತ್ತು..."

ಫಕೀರವ್ವ ಅವನ ಮುಖವನ್ನೇ ನೋಡಿದಳು.

"ಮುಖದ ತುಂಬ ಕೆಸರಿತ್ತೋ ಮಗನ. ಹೌದು ಅಂದ್ರ ನಿನಗ ಸಮಾಧಾನ ಆಕ್ಕೈತಿ, ಆದ್ರ ನಾ ಸುಳ್ಳು ಹೇಳಂಗಿಲ್ಲ." ಅವನ ತಲೆಯ ಮೇಲೆ ಕೈ ಇಟ್ಟಳು. "ಇಷ್ಟು ಮಾತ್ರ ಖರೇ... ಈ ಹನ್ನೊಂದು ಮಂದ್ಯಾಗ ನಿಮ್ಮಪ್ಪ ಇದ್ದರ, ಒಂದು ವರ್ಷನೂ ಉಪಾಸ ಇಲ್ಲ."

ಅಷ್ಟು ದೊಡ್ಡ ಗಂಟಲಿನ ಮನುಷ್ಯ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ...

"ಸಾಕು ಅಳೂದು. ನಿಮ್ಮಪ್ಪಗ ಏನ್ ಸೇರ್ತಿತ್ತು, ಅದನ್ನ ಹೇಳು."

"ಬೆಣ್ಣೆ ದೋಸೆ..."

"ಅಯ್ಯ ಶಿವನ! ಇಷ್ಟು ವರ್ಷ ಅದೊಂದು ಹೊಳೀಲೇ ಇಲ್ಲ ನೋಡು ನನಗ!"

ಅಳುತ್ತಲೇ ಇಬ್ಬರೂ ನಕ್ಕರು. ಅಷ್ಟರಲ್ಲಿ ಕಾಗೆಗಳೂ ಬಂದವು.

ಉಮಾಪತಿ ಮನೆಗೆ ಫೋನ್ ಮಾಡಿದ. "ಅವ್ವಾ... ಕಲ್ಲಿನ ಮೇಲೆ ಹೆಸರಿಲ್ಲ" ಎಂದ. ಆಮೇಲೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

ಆ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿತು...

"ಉಮಾಪತಿ, ನಾನು ಒಲೆ ಹಚ್ತೀನಿ. ಬರ್ತಾ ಬಾಳೆ ಎಲೆ ತಗೊಂಡ್ ಬಾ."

"ಒಂದು ಸಾಕಾ ಅವ್ವಾ?"

"ಒಂದಾ? ಆ ಯಮ್ಮ ನಿಮ್ಮಪ್ಪ ಯಾರು ಅಂತ ಕೇಳಿ ಬಡಿಸಿದ್ಲೇನೋ? ಹನ್ನೊಂದು ತಗೊಂಡ್ ಬಾ."

*

ಹೆಸರು ಗೊತ್ತಿಲ್ಲದೆ ಹೋದವರೂ ಯಾವುದೋ ಮನೆಯ ಹಿರಿಯರೇ.

ಈ ಸಲದ ಹಬ್ಬದಲ್ಲಿ ನಿಮ್ಮ ಮನೆಯಲ್ಲಿ ಅಂಥವರಿಗೆ ಒಂದು ಎಲೆ ಹಾಕುತ್ತೀರಾ?