ನಿಧಾನವಾಗಿ ತಿರುಗುವ ಮೋಟರು

ತಮ್ಮ ತೀರಿಕೊಂಡನೆಂಬ ಸುದ್ದಿ ಬಂದ ಬೆಳಿಗ್ಗೆ, ಅಣ್ಣ ಅಂಗಿಯ ಜೇಬಿನಲ್ಲಿ ಕನ್ನಡಕ ಹುಡುಕುತ್ತಿದ್ದ. ಕೈಗೆ ಸಿಕ್ಕಿದ್ದು ತಮ್ಮನೇ ಬರೆದುಕೊಟ್ಟಿದ್ದ ಚೀಟಿ: ‘ಮೋಟರು. ನಿಮಿಷಕ್ಕೆ ಐದಾರು ಸುತ್ತು, ಹೆಚ್ಚು ಬೇಡ.’ ಚೀಟಿ ಜೇಬು ಸೇರಿ ಆಗಲೇ ತಿಂಗಳಾಗಿತ್ತು. ಹಿಂದಿನ ವಾರವೂ ತಮ್ಮ ಫೋನಿನಲ್ಲಿ ನೆನಪಿಸಿದ್ದ. “ಅವಸರ ಏನಿಲ್ಲ ಅಣ್ಣ. ಆದ್ರೆ ಮರೀಬೇಡ.” ಅಣ್ಣ ಮರೆತೇಬಿಟ್ಟಿದ್ದ.

ಅಂದಿನಿಂದ ದಿನವೂ ಪ್ರಾರ್ಥನೆಗೆ ಕೂತರೆ, ತಮ್ಮನ ಹೆಸರು ಬಂದಲ್ಲಿ ನಾಲಿಗೆ ಕಟ್ಟಿಹೋಗುತ್ತಿತ್ತು. ಕೇಳಿದ ಒಂದು ಸಾಮಾನು ತಂದುಕೊಡದವನು ಅವನಿಗಾಗಿ ದೇವರ ಹತ್ತಿರ ಯಾವ ಬಾಯಲ್ಲಿ ಬೇಡುವುದು? ಮೂರನೆಯ ವಾರ ಚೀಟಿ ಹಿಡಿದು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದ.

“ನಿಧಾನದ್ದಾ? ಎಲ್ಲರೂ ಜೋರಾಗಿ ತಿರುಗೋದು ಕೇಳ್ತಾರೆ. ಯಾತಕ್ಕೆ ಯಜಮಾನ್ರೇ?” ಎಂದ ರಿಪೇರಿಯವನು.

“ನನ್ನ ತಮ್ಮನ ಗಾಳದ ನೊಣಕ್ಕೆ. ಕೊಕ್ಕೆಗೆ ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡ್ತಾರಲ್ಲ, ಮೀನಿಗೆ ಮೋಸ ಮಾಡೋಕೆ. ಅದಕ್ಕೆ ವಾರ್ನಿಷ್ ಬಳಿದು ಸುಮ್ಮನೆ ಇಟ್ರೆ ಒಂದೇ ಕಡೆ ಇಳಿದು ಗಂಟಾಗತ್ತೆ. ಚಕ್ರಕ್ಕೆ ಚುಚ್ಚಿ, ತಿರುಗಿಸ್ತಾ ಒಣಗಿಸಬೇಕು.”

“ಮಿಕ್ಸಿ ಮೋಟರಿದೆ. ಹಾಕಿದ್ರೆ ನಿಮ್ಮ ನೊಣ ನಿಜವಾಗ್ಲೂ ಹಾರಿಹೋಗತ್ತೆ!” ಎಂದು ನಕ್ಕವನು ಅಣ್ಣನ ಮುಖ ನೋಡಿ ನಗು ನುಂಗಿಕೊಂಡ. ಒಳಗಿನಿಂದ ಕೆಟ್ಟ ಮೈಕ್ರೋವೇವ್ ಓವನ್ ಒಂದನ್ನು ಹೊತ್ತು ತಂದು ಬೋರಲು ಹಾಕಿ, ತಳದಿಂದ ಅಂಗೈಯಲ್ಲಿ ಹಿಡಿಸುವ ಚಪ್ಪಟೆ ಮೋಟರೊಂದನ್ನು ಬಿಚ್ಚಿ ತೆಗೆದ. “ಒಳಗಿನ ತಟ್ಟೆ ತಿರುಗಿಸೋದು ಇದೇ. ನಿಮಿಷಕ್ಕೆ ಐದಾರೇ ಸುತ್ತು.”

“ಯಾವ ಕಡೆಗೆ ತಿರುಗತ್ತೆ?”

“ಅದರ ಇಷ್ಟ. ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ. ನಿಮ್ಮ ನೊಣಕ್ಕೆ ಎರಡೂ ಒಂದೇ ಬಿಡಿ.”

ತಮ್ಮನ ಮನೆಯ ಕಿಟಕಿಯ ಬಳಿ ಚಕ್ರ ಹಾಗೇ ಇತ್ತು. ಮರದ ಪೆಟ್ಟಿಗೆಯ ಪಕ್ಕಕ್ಕೆ ಗಾಡಿಯ ಚಕ್ರದಂತೆ ನೆಟ್ಟಗೆ ಸಿಕ್ಕಿಸಿದ ತಟ್ಟೆಯಗಲದ ಬೆಂಡು. ಅದರ ಅಂಚಿಗೆ ಚುಚ್ಚಿದ್ದ ಹನ್ನೊಂದು ನೊಣಗಳು, ಇನ್ನೂ ವಾರ್ನಿಷ್ ಕಾಣದವು. ಅಣ್ಣ ಮೋಟರು ಕೂಡಿಸಲೆಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಒಳಗೆ ಅಂಥದೇ ಒಂದು ಮೋಟರು ಅಚ್ಚುಕಟ್ಟಾಗಿ ಕೂತಿತ್ತು.

“ಇದೇನಮ್ಮ, ಇಲ್ಲಿ ಆಗಲೇ ಇದೆಯಲ್ಲ?”

ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಮೋಟರನ್ನು ನೋಡಿದಳು, ತಿರುಗಿ ಅಡುಗೆಮನೆಯ ಓವನ್ ನೋಡಿದಳು.

“ಅಯ್ಯೋ ಭಾವ! ನಮ್ಮ ಓವನ್ ತಟ್ಟೆ ನಿಂತುಹೋಗಿತ್ತು. ಕೇಳಿದ್ರೆ, ‘ಅದಕ್ಕೂ ವಯಸ್ಸಾಯ್ತು ಕಣೇ, ಅಣ್ಣನ ಹತ್ರ ಹೊಸದು ತರಿಸ್ತೀನಿ’ ಅಂದ್ರು. ಊಟ ಅರ್ಧ ಸುಡ್ತಿತ್ತು, ಅರ್ಧ ತಣ್ಣಗಿರ್ತಿತ್ತು. ‘ಚೆನ್ನಾಗಿದೆ, ಚೆನ್ನಾಗಿದೆ’ ಅಂತ ಬಾಯಿ ಮುಚ್ಕೊಂಡು ತಿನ್ನೋರು!”

ಓವನ್ ಎತ್ತಿ ನೋಡಿದರು. ತಳದಲ್ಲಿ ಖಾಲಿ ಜಾಗ. ತಂತಿಗಳ ತುದಿಗೆ ಜೋಪಾನವಾಗಿ ಟೇಪು ಸುತ್ತಿತ್ತು.

“ಕಳ್ಳ,” ಎಂದ ಅಣ್ಣ.

ಅವಳು ನಕ್ಕುಬಿಟ್ಟಳು. ಮೂರು ವಾರದಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಮ್ಮನೇನೂ ಚಕ್ರದ ಮೋಟರಿಗಾಗಿ ಕಾಯುತ್ತ ಪ್ರಾಣ ಬಿಟ್ಟಿರಲಿಲ್ಲ. ಹೆಂಡತಿಯ ಕೈಗೆ ಸಿಕ್ಕಿಬೀಳುವ ಮೊದಲು ಕದ್ದದ್ದನ್ನು ಹಿಂತಿರುಗಿಸಬೇಕಿತ್ತು, ಅಷ್ಟೇ. ಅಣ್ಣ ತಂದ ಮೋಟರು ಓವನ್ನಿಗೆ ಹೋಯಿತು.

ಅವಳೇ ಕುಂಚ ಹಿಡಿದು ಹನ್ನೊಂದಕ್ಕೂ ವಾರ್ನಿಷ್ ಬಳಿದಳು. ಅಣ್ಣ ಸ್ವಿಚ್ ಹಾಕಿದ. ಚಕ್ರ ಒಂದು ಗಳಿಗೆ ಯೋಚಿಸಿದಂತೆ ನಿಂತು, ಎಡಕ್ಕೆ ಹೊರಟಿತು. ಒಂದು ಹನಿಯೂ ಇಳಿಯಲಿಲ್ಲ.

ಅಣ್ಣ ಕೈ ಮುಗಿದ. ಈ ಸಲ ನಾಲಿಗೆ ಕಟ್ಟಲಿಲ್ಲ.

“ದೇವರೇ, ನನ್ನ ತಮ್ಮ ಮೊದಲಿಂದಲೂ ನಿಧಾನಸ್ಥ. ಅವನನ್ನು ಅವಸರ ಮಾಡಬೇಡ. ನೀರಿನ ದಂಡೆಯಲ್ಲಿ ಎಲ್ಲಾದರೂ ಒಂದಿಷ್ಟು ಜಾಗ ಕೊಟ್ಟು, ಅವನ ಆತ್ಮವನ್ನು ಶಾಂತಿಯಲ್ಲಿಡು.”