ವೀರಮ್ಮನ ತೋಟದ ಜೀತ

“ನಿಮ್ಮ ತೋಟದಲ್ಲಿ ಒಬ್ಬರು ಜೀತಕ್ಕಿದ್ದಾರೆ ಅಮ್ಮಾ,” ಎಂದಳು ಸುಮನಾ.

ವೀರಮ್ಮನ ಬಾಯಲ್ಲಿದ್ದ ಎಲೆಅಡಿಕೆ ಹಾಗೇ ನಿಂತಿತು. ಆಕೆಯನ್ನು ಜಿಪುಣಿ ಅಂದವರಿದ್ದರು, ಬಜಾರಿ ಅಂದವರಿದ್ದರು. ಬಾಳೆಹೊನ್ನೂರಿನ ಅರ್ಧ ವ್ಯಾಪಾರಿಗಳು ಬೆನ್ನ ಹಿಂದೆ ಇನ್ನೂ ಏನೇನೋ ಅಂದಿದ್ದರು. ಯಾವುದಕ್ಕೂ ಆಕೆ ಸೊಪ್ಪು ಹಾಕಿರಲಿಲ್ಲ. ಆದರೆ ಜೀತ? ಮಾವನವರ ಕಾಲದಿಂದಲೂ ಶನಿವಾರದ ಬಟವಾಡೆ ಒಂದು ವಾರವೂ ತಪ್ಪದ ತೋಟ ಅದು.

ಇಷ್ಟಕ್ಕೆಲ್ಲ ಕಾರಣ ಜರ್ಮನಿಯವರು. ಅಲ್ಲಿನ ಕಂಪನಿಯೊಂದು ಈ ವರ್ಷದ ಕಾಫಿಯನ್ನೆಲ್ಲ ಒಳ್ಳೆಯ ದರಕ್ಕೆ ಕೊಳ್ಳಲು ಒಪ್ಪಿತ್ತು. ಬಲವಂತದ ದುಡಿಮೆಯಿಂದ ಬಂದ ಒಂದು ಬೀಜವೂ ತಮ್ಮ ಲೋಟಕ್ಕೆ ಬೀಳಕೂಡದು ಎಂಬುದು ಅವರ ಷರತ್ತು. ಅಲ್ಲಿನ ಕಾನೂನು ಹಾಗಂತೆ. ಪರೀಕ್ಷೆ ಮಾಡಲು ಬೆಂಗಳೂರಿನಿಂದ ಈ ಸುಮನಾಳನ್ನು ಕಳಿಸಿದ್ದರು. ಇವಳು ಹೂಂ ಅನ್ನದಿದ್ದರೆ ಗೋದಾಮಿನ ಮೂಟೆಗಳು ಗೋದಾಮಿನಲ್ಲೇ ಇರುತ್ತಿದ್ದವು.

ಬೆಳಿಗ್ಗೆ ಜೀಪಿನಿಂದ ಇಳಿದವಳೇ ಅವಳು, ಯುರೋಪಿನವರು ನಿರ್ಬಂಧ ಹೇರಿದ ರಷ್ಯಾದ ಯಾರಿಗಾದರೂ ಮಾಲು ಮಾರಿದ್ದೀರಾ ಎಂದು ಕೇಳಿದ್ದಳು.

“ನಾನು ಕೊಪ್ಪ ದಾಟಿ ಮಾರಿದೋಳೇ ಅಲ್ಲ ತಾಯಿ,” ಎಂದಿದ್ದಳು ವೀರಮ್ಮ. “ರಷ್ಯಾದೋನು ಬಾಳೆಹೊನ್ನೂರಿಗೆ ಬಂದಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು.”

ಅಲ್ಲಿಗೆ ಅರ್ಧ ಗೆದ್ದೆವೆಂದೇ ಆಕೆ ತಿಳಿದಿದ್ದಳು. ಆಮೇಲೆ ತೋಟದವರನ್ನೆಲ್ಲ ಕರೆದು ತಾನೇ ತಾಕೀತು ಮಾಡಿದ್ದಳು: “ಇಲ್ಲಿ ದುಡಿಯೋರೆಲ್ಲ ಒಬ್ಬೊಬ್ಬರಾಗಿ ಹೋಗಿ ಮಾತಾಡಿ. ಇದ್ದದ್ದು ಇದ್ದಂಗೆ ಹೇಳಿ. ಸುಳ್ಳು ಹೇಳಿದೋರಿಗೆ ನಾಳೆಯಿಂದ ಕೆಲ್ಸ ಇಲ್ಲ.” ತೋಟದ ಲೆಕ್ಕ ಬರೆಯುವ ರೈಟರ್ ಮಂಜಪ್ಪ ಹೋದ, ಊರಿನ ಹೆಂಗಸರು ಹೋದರು, ಕೂಲಿಯವರ ಲೈನ್ ಮನೆಯಲ್ಲಿದ್ದ ಅಸ್ಸಾಮಿನವರು ಹೋದರು. ಸುಮನಾಳನ್ನು ತೋಟ ಸುತ್ತಿಸಿ ಗೋದಾಮು ತೋರಿಸುವ ಕೆಲಸ ಮಗ ಯೋಗೇಂದ್ರನಿಗೆ ಬಿದ್ದಿತ್ತು. ಡೀಸೆಲ್ಲಿಗೆ ದುಡ್ಡು ಎಣಿಸಿ ಕೊಟ್ಟು, ಉಳಿದ ಚಿಲ್ಲರೆ ತರಬೇಕೆಂದು ಹೇಳಿಯೇ ವೀರಮ್ಮ ಅವನನ್ನು ಕಳಿಸಿದ್ದಳು. ಹಿಡಿತವಿಲ್ಲದ ಮನೆ ಏಳಿಗೆಯಾಗುವುದಿಲ್ಲ ಎಂದು ನಂಬಿದ ಹೆಂಗಸು.

ಈಗ ನೋಡಿದರೆ ಸಂಜೆ ಹೊತ್ತಿಗೆ ಈ ಮಾತು.

“ಯಾರು ಅಂತ ಹೇಳು,” ಎಂದಳು ವೀರಮ್ಮ.

“ಹೆಸರು ಹೇಳೋ ಹಾಗಿಲ್ಲ ಅಮ್ಮಾ. ಹೇಳಿಕೊಂಡವರಿಗೆ ಆಮೇಲೆ ತೊಂದರೆ ಆಗಬಾರದು.”

“ಏನು ಹೇಳಿಕೊಂಡ್ರು, ಅದನ್ನಾದ್ರೂ ಹೇಳು.”

ಸುಮನಾ ಬರೆದುಕೊಂಡಿದ್ದ ಹಾಳೆ ತೆಗೆದಳು. “ಚಿಕ್ಕ ವಯಸ್ಸಿನಿಂದ ಇಲ್ಲೇ ದುಡೀತಿದ್ದಾರೆ. ಸಂಬಳ ಅಂತ ಕೈಗೆ ಬಂದಿದ್ದೇ ಇಲ್ಲ. ಕೇಳಿದರೆ, ಊಟಕ್ಕೆ ಬಟ್ಟೆಗೆ ಏನು ಕಮ್ಮಿಯಾಗಿದೆ ಅಂತಾರಂತೆ. ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಬೇರೆಯವರ ವಶದಲ್ಲಿದೆ. ಗೇಟು ದಾಟೋಕೆ ಅಪ್ಪಣೆ ಬೇಕು. ಬಿಟ್ಟು ಹೋಗ್ತೀನಿ ಅಂದಾಗೆಲ್ಲ ಹೆದರಿಸಿ ಕೂರಿಸ್ತಾರಂತೆ.”

ವೀರಮ್ಮನಿಗೆ ನಿಜಕ್ಕೂ ಸಂಕಟವಾಯಿತು. ಕಾಫಿಯ ಯೋಚನೆ ಆ ಗಳಿಗೆಗೆ ಮರೆತೇಹೋಯಿತು. “ಯಾವ ತಾಯಿ ಹೆತ್ತ ಮಗುವೋ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಮೂಗಿನಡಿಯಲ್ಲೇ ಇಂಥದ್ದೊಂದು ನಡೆದಿದೆಯೆಂದರೆ, ನಡೆಸಿದವನು ಒಬ್ಬನೇ ಇರಬೇಕು. ಹೋದ ತಿಂಗಳು ಅಸ್ಸಾಮಿನವರ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಒಯ್ದವನು ಮಂಜಪ್ಪ.

ಆಕೆ ದಡದಡ ಕಣಕ್ಕೆ ಇಳಿದಳು. ಕಾಫಿ ಒಣಹಾಕಿದ್ದ ಆ ಸಿಮೆಂಟು ಕಣದಲ್ಲಿ ಎಲ್ಲರೂ ಸೇರಿದ್ದರು.

“ಕಾರ್ಡು ಎಲ್ಲಿಟ್ಟಿದೀಯ ಮಂಜಪ್ಪ?”

“ಜೆರಾಕ್ಸ್ ಮಾಡಿಸಿ ಅವತ್ತೇ ವಾಪಸ್ ಕೊಟ್ಟಿದೀನಿ ಅಮ್ಮಾವ್ರೇ. ಅವರನ್ನೇ ಕೇಳಿ.”

ಕೇಳುವುದೇ ಬೇಕಾಗಲಿಲ್ಲ. ಅಸ್ಸಾಮಿನವರು ಒಬ್ಬೊಬ್ಬರಾಗಿ ಜೇಬಿನಿಂದ ಕಾರ್ಡು ತೆಗೆದು ತೋರಿಸಿದರು. ವೀರಮ್ಮ ಪೆಚ್ಚಾದಳು, ಆದರೆ ಪಟ್ಟು ಬಿಡಲಿಲ್ಲ.

“ನಿಂಗೆ ಗೊತ್ತಿಲ್ದೆ ಇಲ್ಲಿ ಒಂದು ಎಲೆ ಅಲ್ಲಾಡಲ್ಲ ಮಾರಾಯ. ಆ ಪಾಪದ್ದು ಯಾರು?”

ಮಂಜಪ್ಪ ತಲೆ ತಗ್ಗಿಸಿದ. “ನಂಗೊಬ್ಬನಿಗೇ ಅಲ್ಲ, ಎಲ್ಲರಿಗೂ ಗೊತ್ತು ಅಮ್ಮಾವ್ರೇ. ಹೇಳೋಕೆ ಧೈರ್ಯ ಇಲ್ಲ ಅಷ್ಟೆ.”

ಆ ಮಾತಿಗೆ ವೀರಮ್ಮನ ಮೈ ಉರಿದುಹೋಯಿತು. ಇಡೀ ತೋಟವನ್ನು ಹೀಗೆ ಹೆದರಿಸಿಟ್ಟ ರಾಕ್ಷಸ ಯಾರು? ಆಕೆ ಕಣದ ನಡುವೆ ನಿಂತು ಬಲಗೈ ಎತ್ತಿದಳು.

“ಎಲ್ಲರೂ ಕೇಳ್ರಿ. ಅದು ಯಾರೇ ಇರ್ಲಿ, ಇವತ್ತಿಂದ ಅದರ ಸಂಬಳ ಅದರ ಕೈಗೆ, ಅದರ ಕಾಗದಪತ್ರ ಅದರ ಕೈಗೆ. ಎಲ್ಲಿಗಾದ್ರೂ ಹೋಗ್ಲಿ, ಯಾವಾಗಾದ್ರೂ ಬರ್ಲಿ, ಯಾರೂ ಕೇಳಂಗಿಲ್ಲ. ನಮ್ಮ ಮಠದ ಗುರುಗಳ ಪಾದದಾಣೆ.”

“ತಡೆಯೋರು ಯಾರೇ ಆದರೂ?” ಎಂದಳು ಹಿಂದೆಯೇ ಬಂದಿದ್ದ ಸುಮನಾ.

“ಯಾರಾದ್ರೇನು. ಅವರ ಬಾಯಿಗೆ ನಾನೇ ಬೀಗ ಹಾಕ್ತೀನಿ.”

“ಇಷ್ಟು ಜನರ ಎದುರಿಗೆ ಹೇಳಿದಿರಲ್ಲ, ಸಾಕು ಅಮ್ಮಾ. ಈ ಮಾತು ನಡೆದರೆ ನಿಮ್ಮ ಕಾಫಿಗೆ ನನ್ನ ತಕರಾರಿಲ್ಲ,” ಎಂದು ಸುಮನಾ ಜನರ ಕಡೆ ತಿರುಗಿದಳು. “ಇನ್ನು ಅವರಿಗೆ ಇಷ್ಟವಿದ್ದರೆ ಅವರೇ ಮುಂದೆ ಬರಬಹುದು.”

ಬರುವ ಮಗು ಯಾವುದೇ ಆಗಲಿ, ತಬ್ಬಿಕೊಂಡು ಸಮಾಧಾನ ಮಾಡಬೇಕೆಂದು ವೀರಮ್ಮ ಎರಡೂ ತೋಳು ಚಾಚಿ ನಿಂತಳು.

ಮಂಜಪ್ಪನ ಹಿಂದಿನಿಂದ ಐವತ್ತು ದಾಟಿದ ಯೋಗೇಂದ್ರ ಮುಂದೆ ಬಂದು, “ಅವ್ವ, ನಾನು ಸಿನಿಮಾಕ್ಕೆ ಶಿವಮೊಗ್ಗಕ್ಕೆ ಹೊರಟೆ, ಕೇಳ್ತಾ ಇಲ್ಲ, ಹೇಳ್ತಾ ಇದೀನಿ,” ಎಂದ.