ತೆರೆದ ಕಾರಿನಲ್ಲಿ ಹೋದ ರೇಷ್ಮೆಗೂಡು

ಇವತ್ತು ರಾಗಿ ಬೀಸಿಸಿಕೊಂಡು ಬಂದೆ, ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಜಾಡಿಗೆ ತುಂಬಿದೆ, ಹಳೆಯ ಚರ್ಮದ ಚೀಲಕ್ಕೆ ಎಣ್ಣೆ ಸವರಿದೆ. ಆ ವಾಸನೆಗೆ ದೇವರಾಯಸಮುದ್ರದ ಹೆದ್ದಾರಿ ನೆನಪಾಯಿತು.

ಬಹಳ ಹಿಂದೊಮ್ಮೆ ರೇಷ್ಮೆಗೂಡಿನ ಚೀಲಗಳೊಂದಿಗೆ ನಾನೂ ಅಜ್ಜಿಯೂ ರಸ್ತೆಬದಿಯಲ್ಲಿ ನಿಂತಿದ್ದೆವು. ಕೋಲಾರಕ್ಕೆ ಒಯ್ಯಬೇಕಿದ್ದ ಟೆಂಪೊ ಕೆಟ್ಟಿತ್ತು. ಅಂದಿನ ಹರಾಜು ತಪ್ಪಿದರೆ ಚಿಟ್ಟೆಗಳು ಗೂಡು ಕೊರೆದು ಹೊರಬಂದು ತಿಂಗಳ ದುಡಿಮೆಯೆಲ್ಲ ಹಾಳಾಗುತ್ತಿತ್ತು.

ಆಗ ಮೇಲುಹೊದಿಕೆ ಮಡಚಿದ್ದ ಉದ್ದನೆಯ ಹಸಿರು ಕಾರೊಂದು ಹಬೆಯಾಡುತ್ತಾ ಬಂದು ನಿಂತಿತು. ಅದರ ಯಜಮಾನರು ನೀರು ಕೇಳಿದರು.

"ಬಾಯಾರಿದ್ದು ನಿಮ್ಗಾ, ಇದಕ್ಕಾ?" ಎನ್ನುತ್ತಾ ಅಜ್ಜಿ ಜೊತೆಗೆ ತಂದಿದ್ದ ನೀರಿನ ಕೊಡ ಕೊಟ್ಟಳು.

"ಇದಕ್ಕೇ ಅಮ್ಮ. ಇಂಗ್ಲೆಂಡ್‌ದು. ತಲೆತಲಾಂತರದಿಂದ ಕಾರು ಮಾಡೋರು ಅವ್ರು. ಸೀಟಿನ ಚರ್ಮಾನೂ ಕೈಯಲ್ಲೇ ಹೊಲಿದಿದ್ದು."

"ನಮ್ದು ಹುಳ ಬಾಯಲ್ಲೇ ಕಟ್ಟಿದ್ದು ಸ್ವಾಮಿ. ಕೋಲಾರದ ಮಾರ್ಕೆಟ್‌ಗೆ ಬಿಡ್ತೀರಾ?"

ಅವರು ನಕ್ಕು ಬಾಗಿಲು ತೆಗೆದರು. ಬೆಣ್ಣೆಯಂಥ ನುಣುಪು ಸೀಟಿನ ಮೇಲೆ ಚೀಲಗಳು ಕುಳಿತವು, ಕಾಲಿಡುವ ಜಾಗದಲ್ಲಿ ನಾವು. ಬಿಸಿಲೆಂದು ಅವರು ಹೊದಿಕೆ ಎಳೆಯಹೋದರೆ ಅಜ್ಜಿ ಕೂಗಿಕೊಂಡಳು: "ದೇವುಡಾ! ಮುಚ್ಚಬೇಡಿ, ಗೂಡು ಬೆವೆತ್ರೆ ಕೆಡುತ್ತೆ. ಗಾಳಿ ಆಡ್ಬೇಕು."

"ಮುಚ್ಚಬೇಡಿ ಅಂದೋರು ನೀವೇ ಮೊದ್ಲು. ನಮ್ಮನೆಯವರಿಗೆ ಗಾಳಿಗೆ ಕೂದ್ಲು ಕೆಡುತ್ತಂತೆ," ಎಂದರು ಅವರು.

ಹರಾಜು ಮುಗಿಯುವ ಮುನ್ನ ತಲುಪಿದೆವು. ಕೊಳ್ಳುವವರು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿ, ಒಂದೂ ಕಲೆ ಕಾಣದೆ, ಒಳ್ಳೆಯ ಬೆಲೆಯನ್ನೇ ಕೂಗಿದರು.

ರಾತ್ರಿ ಬಿಸಿ ಮುದ್ದೆ, ಬಸ್ಸಾರು ಉಂಡೆವು. ಹುಳಕ್ಕೆ ಸೊಪ್ಪು ಹಾಕಲೆಂದು ತಿಂಗಳಿಡೀ ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದ ಅಜ್ಜಿ, ಅಂದು ಎಲ್ಲರಿಗಿಂತ ಮೊದಲು ನಿದ್ದೆಹೋದಳು.